ಮುಂದಿನ ಎರಡು ಚಕ್ರ

ಒಂದು ಗೇರು ಎಳೆದ ಕೂಡಲೇ ಗಾಡಿಗೆ ಆನೆಬಲ ಬರುತ್ತದೆಂದು ಒಂದು ತಿಂಗಳು ಪೂರ್ತಿ ನಂಬಿಕೊಂಡು ಓಡಾಡಿದವನು ನಾನು. ಎಳೆದರೂ ಒಂದೇ ಬಿಟ್ಟರೂ ಒಂದೇ ಅನ್ನುವಂಥ ಗೇರು ಅದು. ನಮ್ಮತ್ತೆಯ ಬಾಯಿಂದ ನಿಮಗೆ ತಿಳಿಯುವ ಮೊದಲು ನಾನೇ ಒಪ್ಪಿಕೊಂಡುಬಿಡುವುದು ಮರ್ಯಾದೆ.

ನಾವು ಆಗ ರಾಜಾಜಿನಗರದಲ್ಲಿ ಬಾಡಿಗೆಗಿದ್ದೆವು. ಬಸವೇಶ್ವರನಗರದ ಹೊಸ ಬಡಾವಣೆಯಲ್ಲಿ ಸ್ವಂತ ಮನೆ ಎದ್ದಿತ್ತು. ನಕಾಶೆಯಲ್ಲಿ ಮನೆಯ ಮುಂದೆ ನಲವತ್ತು ಅಡಿ ರಸ್ತೆ. ಭೂಗೋಳದ ಮೇಷ್ಟ್ರು ನಕಾಶೆಯನ್ನು ನಂಬದೆ ಇನ್ನೇನನ್ನು ನಂಬಬೇಕು? ಹೋಗಿ ನೋಡಿದರೆ ಆ ನಲವತ್ತು ಅಡಿಯಲ್ಲಿ ಎಕ್ಕದ ಗಿಡ, ಹಳ್ಳ, ಮತ್ತು ಚಪ್ಪಲಿಯನ್ನು ಕಿತ್ತುಕೊಂಡು ಕಾಲನ್ನಷ್ಟೇ ವಾಪಸು ಕೊಡುವ ಕೆಂಪು ಮಣ್ಣು. ಆಟೋದವರು ಅರ್ಧ ಮೈಲಿ ದೂರದಲ್ಲೇ ಇಳಿಸಿ ಕೈಮುಗಿಯುತ್ತಿದ್ದರು.

"ಅಮ್ಮ ಬರದೆ ನಾನು ಹಾಲು ಉಕ್ಕಿಸಲ್ಲ ಕಣ್ರೀ," ಎಂದಳು ನನ್ನ ಹೆಂಡತಿ ಸರೋಜ. "ಅವಳ ಮಂಡಿ ನೋಡಿದೀರಲ್ಲ, ಈ ಕೆಸರಲ್ಲಿ ಹೇಗೆ ನಡೀತಾಳೆ?"

ಹೀಗೆ ಸುಣ್ಣಬಣ್ಣ ಮುಗಿದ ಮನೆ ಬೀಗ ಹಾಕಿಕೊಂಡು ಅತ್ತೆಯ ಮಂಡಿಗಾಗಿ ಕಾದು ಕುಳಿತಿತ್ತು. ಆಗ ನನ್ನ ಕಣ್ಣಿಗೆ ಬಿದ್ದದ್ದು ಒಂದು ಹಳೆಯ ಪುಟ್ಟ ಜೀಪು. ಮಿಲಿಟರಿಯಿಂದ ಹರಾಜಾಗಿ ಒಬ್ಬ ಕಂಟ್ರಾಕ್ಟರನ ಕೈ ಸೇರಿ, ಅಲ್ಲಿಂದ ನನ್ನ ಕೈಗೆ ಬಂತು. ಉಳಿದವರು ರಸ್ತೆ ಬಿಟ್ಟು ಅಲೆಯುವುದಕ್ಕೆ ಜೀಪು ಕೊಂಡರೆ, ನಾನು ನನ್ನ ಮನೆಗೆ ಹೋಗುವುದಕ್ಕೆ ಕೊಂಡೆ.

ಕಾಮಾಕ್ಷಿಪಾಳ್ಯದಲ್ಲಿ ಶೆಡ್ಡು ಇಟ್ಟಿದ್ದ ಮೆಕ್ಯಾನಿಕ್ ದಸ್ತಗೀರ್ ಸಾಬರಿಗೆ ಅದನ್ನು ಒಪ್ಪಿಸಿದೆ. ಅತ್ತೆಗೆ ಹತ್ತಲು ಹಿಂದೆ ಒಂದು ಮೆಟ್ಟಿಲು, ಹಿಡಿದುಕೊಳ್ಳಲು ಪಕ್ಕದಲ್ಲಿ ಕಬ್ಬಿಣದ ಹಿಡಿ, ಕೂರಲು ತೆಂಗಿನ ನಾರಿನ ಮೆತ್ತೆ, ಮೇಲೆ ಹೊಸ ಟಾರ್ಪಾಲು. ಸಾಬರು ತಲೆ ಕೆರೆದುಕೊಂಡು, "ಸಾರ್, ಒಂದ್ಸಲ ಕೆಳಗಡೆ ಮಲಗಿ ನೋಡಿಬಿಡ್ತೀನಿ," ಎಂದರು.

"ಬೇಡ ಸಾಬ್ರೇ, ಮಿಲಿಟರಿ ಗಾಡಿ. ಅದರಲ್ಲಿ ನೋಡೋದು ಏನಿದೆ?" ಎಂದೆ ನಾನು. ಮೂವತ್ತು ವರ್ಷ ಪಾಠ ಹೇಳಿದವನ ದನಿ ಅದು, ಎದುರಿಗಿದ್ದವರು ಸುಮ್ಮನಾಗಿಬಿಡುತ್ತಾರೆ. ಸಾಬರು ಟೇಪು ಹಿಡಿದು ಮೆಟ್ಟಿಲಿನ ಅಳತೆ ತೆಗೆಯತೊಡಗಿದರು.

ಯಾರ ರಥದ ಚಕ್ರ ತಡೆಯಿಲ್ಲದೆ ಎಲ್ಲೆಲ್ಲೂ ಉರುಳುತ್ತದೋ ಅವನು ಚಕ್ರವರ್ತಿ ಎಂದು ಹಿಂದಿನವರು ಅರ್ಥ ಹೇಳುತ್ತಾರೆ. ಸ್ಟಾಫ್ ರೂಮಿನಲ್ಲಿ ಇದನ್ನು ವಿವರಿಸಿ, "ನನಗಂತೂ ನಾಲ್ಕೂ ಚಕ್ರ ಎಳೆಯುತ್ತವೆ" ಎಂದು ಸೇರಿಸುತ್ತಿದ್ದೆ. ಒಣ ನೆಲದಲ್ಲಿ ಆಗಾಗ ದೊಡ್ಡ ಗೇರಿನ ಪಕ್ಕದ, ಮುಂದಿನ ಚಕ್ರಗಳಿಗೂ ಬಲ ಕೊಡುವ ಆ ಚಿಕ್ಕ ಗೇರನ್ನು ಎಳೆದು, ಗಾಡಿ ಗಂಭೀರವಾದದ್ದನ್ನು ಮೈಯಲ್ಲಿ ಅನುಭವಿಸುತ್ತಿದ್ದೆ.

ಗೃಹಪ್ರವೇಶದ ದಿನ ಬಂತು. ಹಿಂದಿನ ದಿನವೇ ಮಳೆ ಹೊಡೆದಿತ್ತು. ಪುರೋಹಿತರು ಗಾಡಿಗೆ ಕುಂಕುಮ ಹಚ್ಚಿ ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟರು. ಅಷ್ಟನ್ನೂ ಚಪ್ಪಟೆ ಮಾಡಿ ಹೊರಟೆವು. ಹಿಂದೆ ಅತ್ತೆ ಮತ್ತು ಪುರೋಹಿತರು, ನನ್ನ ಪಕ್ಕದಲ್ಲಿ ಹಾಲಿನ ಪಾತ್ರೆ ಹಿಡಿದ ಸರೋಜ. ಮನೆ ಕಣ್ಣಿಗೆ ಕಾಣುತ್ತಿದೆ ಅನ್ನುವಾಗ ಹಿಂದಿನ ಚಕ್ರಗಳು ಹೂತುಕೊಂಡವು.

"ಹೆದರಬೇಡಿ ಅತ್ತೆ, ಈಗ ನೋಡಿ ನಾಲ್ಕೂ ಚಕ್ರದ ಕೆಲಸ," ಎಂದು ಚಿಕ್ಕ ಗೇರನ್ನು ಎಳೆದೆ. ಗಾಡಿ ಗುಟುರು ಹಾಕಿ ಇನ್ನಷ್ಟು ಕೆಳಗಿಳಿಯಿತು. ಅತ್ತೆ ಹೊರಗೆ ಬಗ್ಗಿ ನೋಡಿದರು.

"ಮುಂದಿನ ಚಕ್ರ ಸುಮ್ನೆ ನಿಂತಿದೆಯಲ್ಲ ಅಳಿಯಂದ್ರೇ?"

ಊಟಕ್ಕೆಂದು ಬಿಳಿ ಅಂಗಿ ತೊಟ್ಟು ಬಂದಿದ್ದ ದಸ್ತಗೀರ್ ಸಾಬರು ಆ ಅಂಗಿಯಲ್ಲೇ ಕೆಸರಿನಲ್ಲಿ ಮಲಗಿ ಗಾಡಿಯ ಕೆಳಗೆ ನೋಡಿದರು. ಮುಂದಿನ ಚಕ್ರಗಳಿಗೆ ಬಲ ಮುಟ್ಟಿಸುವ ಉದ್ದನೆಯ ಶಾಫ್ಟೇ ಇರಲಿಲ್ಲ. "ಪೆಟ್ರೋಲು ಉಳಿಯತ್ತೆ ಅಂತ ಬಿಚ್ಚಿಬಿಟ್ಟಿದಾರೆ ಸಾರ್. ಸುಮಾರು ಜನ ಹಂಗೇ ಮಾಡ್ತಾರೆ," ಎಂದರು. ಅವತ್ತೇ ನೋಡುತ್ತೇನೆ ಅಂದಿದ್ದೆ ಎಂದು ಆ ದೊಡ್ಡ ಮನುಷ್ಯ ಒಂದು ಮಾತೂ ಆಡಲಿಲ್ಲ. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮುಹೂರ್ತಕ್ಕೆ ಅರ್ಧ ಗಂಟೆ ಉಳಿದಿತ್ತು. ಸರೋಜಳ ಕಣ್ಣು ತುಂಬಿತ್ತು. ಅತ್ತೆ ಮಾತ್ರ ಮೆಟ್ಟಿಲಿನ ಮೇಲೆ ಕಾಲಿಟ್ಟು ಇಳಿದೇಬಿಟ್ಟರು.

"ಹಿಡ್ಕೊಳ್ಳೋಕೆ ಅಳಿಯಂದ್ರು ಹಿಡಿ ಹಾಕ್ಸಿದಾರಲ್ಲ, ಸಾಕು. ನೀವೆಲ್ಲ ತಳ್ಳಿ, ನಾನು ಜೊತೇಲಿ ನಡೀತೀನಿ."

ಪಕ್ಕದ ಸೈಟಿನ ಗಾರೆ ಕೆಲಸದವರು, ಸಾಬರು, ಪಂಚೆ ಎತ್ತಿ ಕಟ್ಟಿದ ಪುರೋಹಿತರು ಎಲ್ಲ ಸೇರಿ ತಳ್ಳಿದರು. ಅತ್ತೆಗೆಂದು ಕೊಂಡ ಗಾಡಿಯ ಪಕ್ಕದಲ್ಲಿ ಅತ್ತೆ ಹಿಡಿ ಹಿಡಿದು ನಡೆಯುತ್ತಿದ್ದರು, ಒಳಗೆ ಸ್ಟೀರಿಂಗ್ ಹಿಡಿದ ಚಕ್ರವರ್ತಿ ಒಬ್ಬನೇ ಕೂತಿದ್ದ. ಹತ್ತು ಹೆಜ್ಜೆಗೊಮ್ಮೆ ನಿಂತು, ಉಸಿರು ತೆಗೆದುಕೊಂಡು, ಆ ಮಂಡಿಗಳು ಹೊಸ್ತಿಲು ಮುಟ್ಟಿದವು. ಹಾಲು ಹೊತ್ತಿಗೆ ಸರಿಯಾಗಿ ಉಕ್ಕಿತು.

ಸಾಬರು ಗುಜರಿಯೆಲ್ಲ ಜಾಲಾಡಿ ಶಾಫ್ಟು ತಂದು ಕೂರಿಸುವಷ್ಟರಲ್ಲಿ ನಕಾಶೆಯ ರಸ್ತೆಗೆ ನಾಚಿಕೆಯಾಯಿತೋ ಏನೋ, ಟಾರು ಹಾಕಿಸಿಕೊಂಡು ನಮ್ಮ ಗೇಟಿನ ಮುಂದೆ ಬಂದು ನಿಂತಿತು. ಇನ್ನು ಜೀಪು ಯಾಕೆ, ಮಾರಿಬಿಡೋಣ ಎಂದೆ. ಅತ್ತೆ ಒಪ್ಪಲಿಲ್ಲ.

ಈಗ ಭಾನುವಾರ ಬೆಳಗಾದರೆ ಅವರೇ ಮೊದಲು ಮೆಟ್ಟಿಲು ಹತ್ತಿ ಕೂರುತ್ತಾರೆ. ಕೆಂಗೇರಿ ದಾಟಿ, ರಸ್ತೆ ಮುಗಿದು ಬಂಡೆ ಶುರುವಾಗುವ ಕಡೆಗೇ ಹೋಗಬೇಕು. ಕೆಸರು ಕಂಡು ನಾನು ಅನುಮಾನಿಸಿದರೆ ಹಿಂದಿನಿಂದ ಬಗ್ಗಿ ಮುಂದಿನ ಚಕ್ರ ನೋಡುತ್ತಾರೆ.

"ತಿರುಗ್ತಾ ಇದೆ ಅಳಿಯಂದ್ರೇ, ಹೊಡೀರಿ. ನಿಂತ್ರೆ ನಾನಿದೀನಲ್ಲ, ಇಳಿದು ನಡೀತೀನಿ."