ಕಡಲ ತಳದ ಮಣ್ಣು, ಆಲೆಮನೆಯ ಗುಂಡಿ

ಮೊನ್ನೆ ಮಂಡ್ಯದ ನಮ್ಮ ಕಾಲೇಜಿನ ಪ್ರಯೋಗಾಲಯಕ್ಕೆ ಒಂದು ಪೆಟ್ಟಿಗೆ ಬಂತು. ಸಂಶೋಧನಾ ಹಡಗಿನಲ್ಲಿ ಕೆಲಸ ಮಾಡುವ ಗೆಳತಿ ಕಳಿಸಿದ್ದು. ಒಳಗೆ ಮಂಜುಗಡ್ಡೆಯ ನಡುವೆ ಬಿಗಿಯಾಗಿ ಮುಚ್ಚಿದ ಒಂದು ಕೊಳವೆ, ಅದರಲ್ಲಿ ಬೆಳಕೇ ಇಳಿಯದ ಆಳದಲ್ಲಿ ಸಮುದ್ರದ ತಳ ಕೊರೆದು ತೆಗೆದ ಕಪ್ಪು ಮಣ್ಣು. ಮುಚ್ಚಳ ಸಡಿಲಿಸಿದೆ ಅಷ್ಟೆ, ಕೊಳೆತ ಮೊಟ್ಟೆಯ ನಾತ ಮೂಗಿಗೆ ಬಡಿಯಿತು. ಮುಚ್ಚಳ ಒತ್ತಿ ವರಾಂಡಕ್ಕೆ ಓಡಿ ಬಂದು ನಿಂತೆ. ಹುಡುಗಿಯರು "ಏನಾಯ್ತು ಮೇಡಂ" ಅಂತ ಹಿಂದೆಯೇ ಬಂದರು. ಏನು ಹೇಳಲಿ? ನಿಮ್ಮ ಮೇಡಂಗೆ ಒಂದು ಚಮಚ ಮಣ್ಣು ಕಂಡರೆ ಭಯ ಅಂತ ಹೇಳಲೇ?

ಆ ಮಣ್ಣಿನಲ್ಲಿ ಜೀವವಿದೆ. ಗಾಳಿಯಿಲ್ಲ, ಬೆಳಕಿಲ್ಲ, ತಲೆಯ ಮೇಲೆ ಇಡೀ ಕಡಲಿನ ಭಾರ. ತಿನ್ನುವುದಕ್ಕೆ ಯಾವ ಕಾಲದಲ್ಲೋ ಮೇಲಿನಿಂದ ಉದುರಿದ ಎಂಜಲು. ಅಲ್ಲೂ ಕಣ್ಣಿಗೆ ಕಾಣದ ಜೀವಿಗಳು ಬದುಕುತ್ತವೆ. ಒಂದು ಎರಡಾಗುವುದಕ್ಕೆ ನೂರಾರು, ಕೆಲವೊಮ್ಮೆ ಸಾವಿರಾರು ವರ್ಷ ಹಿಡಿಯಬಹುದು ಎನ್ನುತ್ತಾರೆ ತಿಳಿದವರು. ಬದುಕಿವೆಯೋ ಸತ್ತಿವೆಯೋ ಹೇಳುವುದೇ ಕಷ್ಟ. ಅವುಗಳಲ್ಲಿ ಕೆಲವಕ್ಕೆ ಉಸಿರಾಡಲು ಆಮ್ಲಜನಕ ಬೇಡ, ನೀರಿನಲ್ಲಿ ಕರಗಿದ ಗಂಧಕದ ಲವಣವೇ ಸಾಕು. ಅವು ಹೊರಗೆ ಬಿಡುವುದೇ ಆ ನಾತದ ಅನಿಲ. ಕೊಳವೆಯಲ್ಲಿ ಇದ್ದದ್ದು ಯಾರಿಗೂ ಏನೂ ಆಗದಷ್ಟು ಸ್ವಲ್ಪ. ಅದು ನನಗೆ ಚೆನ್ನಾಗಿ ಗೊತ್ತು, ಪಾಠ ಮಾಡುವವಳೇ ನಾನು. ಆದರೆ ಇವುಗಳ ನೆಂಟರು ನಮ್ಮೂರಿನಲ್ಲೂ ಇದ್ದರು. ಸಮುದ್ರದವು ಅರೆಹೊಟ್ಟೆಯಲ್ಲಿ ತೂಕಡಿಸುತ್ತಿದ್ದರೆ, ನಮ್ಮೂರಿನವಕ್ಕೆ ಬೆಲ್ಲದ ನೀರು ಸಿಕ್ಕಿತ್ತು...

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ನಮ್ಮೂರು. ಊರಾಚೆ ನಮ್ಮಪ್ಪನದೊಂದು ಆಲೆಮನೆ ಇತ್ತು. ಕಬ್ಬಿನ ಹಾಲು ಕುದಿಯುವಾಗ ಮೇಲೆ ಬರುವ ಮಡ್ಡಿ, ಕೊಪ್ಪರಿಗೆ ತೊಳೆದ ನೀರು, ಬೆಲ್ಲ ಬೆಳ್ಳಗಾಗಲೆಂದು ಹಾಕುವ ಗಂಧಕದ ಪುಡಿಯ ಉಳಿಕೆ, ಎಲ್ಲವೂ ಹಿಂದಿನ ಗುಂಡಿಗೆ ಹೋಗುತ್ತಿತ್ತು. ಎರಡಾಳು ಆಳದ ಗುಂಡಿ. ಮೇಲೆ ಕಲ್ಲುಚಪ್ಪಡಿ.

ಆ ಆಲೆಮನೆಯಲ್ಲಿ ಪಾಕ ನೋಡುತ್ತಿದ್ದವರು ಪಕ್ಕದ ಮನೆಯ ದೊಡ್ಡಪ್ಪ. ರಕ್ತಸಂಬಂಧವೇನಿಲ್ಲ, ಹುಟ್ಟಿದಾಗಿನಿಂದ ಹಾಗೇ ಕರೆದದ್ದು. ಅವರು ಕೊಪ್ಪರಿಗೆಯ ಪಕ್ಕ ಕಣ್ಣು ಮುಚ್ಚಿ ನಿಂತು ಆವಿಯನ್ನು ಮೂಸಿ "ಎತ್ರಲಾ" ಎಂದರೆ ಮಾತ್ರ ಕೊಪ್ಪರಿಗೆ ಇಳಿಯುತ್ತಿತ್ತು. ಒಂದು ಕ್ಷಣ ಮುಂಚೆಯೂ ಇಲ್ಲ, ಆಮೇಲೂ ಇಲ್ಲ. ಅವರು ಮೂಸದೆ ಆಲೆಮನೆಯಲ್ಲಿ ಯಾರೂ ಯಾವುದನ್ನೂ ಮುಟ್ಟುವಂತಿರಲಿಲ್ಲ. ನಾನು ಹಾಸ್ಟೆಲಿನಿಂದ ಊರಿಗೆ ಬಂದರೆ ಗೇಟಿನ ಹತ್ತಿರವೇ ಹಿಡಿದು, "ಏನವ್ವ, ಸೋಪು ಬದ್ಲಾಯ್ಸಿದ್ದೀಯಾ" ಎಂದು ಛೇಡಿಸುತ್ತಿದ್ದರು. ನಮ್ಮನೆಯಲ್ಲಿ ಉಪ್ಸಾರು ಕುದಿಯುತ್ತಿದ್ದರೆ ಅವರ ಜಗುಲಿಯಿಂದಲೇ ಸೊಪ್ಪಿನ ಹೆಸರು ಹೇಳುತ್ತಿದ್ದರು. ಆ ಮೂಗಿನ ಮೇಲೆ ಊರಿಗೆಲ್ಲ ನಂಬಿಕೆ. ನಮಗಂತೂ ಹೆಮ್ಮೆ.

ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗಿನ ಮಾತು. ಕೆಲವು ತಿಂಗಳು ನಿಂತಿದ್ದ ಆಲೆಮನೆಯನ್ನು ಮತ್ತೆ ಶುರು ಮಾಡಬೇಕಿತ್ತು. ಗುಂಡಿಯ ತಳದಲ್ಲಿ ಪೈಪು ಕಟ್ಟಿಕೊಂಡು ನೀರು ಹೊರಗೆ ಹೋಗುತ್ತಿರಲಿಲ್ಲ. ಅಪ್ಪ ಮಂಡ್ಯಕ್ಕೆ ಹೋಗಿದ್ದರು. ನನ್ನ ತಮ್ಮ ತಾನೇ ಇಳಿದು ಬಿಡಿಸುತ್ತೇನೆ ಎಂದು ಏಣಿ ತಂದ. ಬೇಡ ಎಂದ ಕೆಲಸವನ್ನೇ ಮೊದಲು ಮಾಡುವ ಆಸಾಮಿ ಅವನು. ಚಪ್ಪಡಿ ಸರಿಸಿದ ಕೂಡಲೇ ಬಂದ ನಾತಕ್ಕೆ ನಾನು ಮೂಗಿಗೆ ಸೆರಗು ಒತ್ತಿಕೊಂಡು ಕಬ್ಬಿನ ಸಿಪ್ಪೆಯ ರಾಶಿಯ ಹತ್ತಿರಕ್ಕೆ ಓಡಿದೆ. ನಾನು ಮೊದಲಿಂದಲೂ ಪುಕ್ಕಲಿ.

"ತಡ್ಕಳಲಾ. ನಾನ್ ನೋಡೋಗಂಟ ಯಾರೂ ಇಳೀಬ್ಯಾಡಿ" ಎಂದು ದೊಡ್ಡಪ್ಪ ಬಂದರು. ಉದ್ದನೆಯ ಬಿದಿರ ಗಳು ಹಾಕಿ ಗುಂಡಿಯನ್ನು ಕಲಕಿದರು. ಬಗ್ಗಿ ಮೂಸಿದರು, ಮುಖ ಕಿವುಚಿ ಹಿಂದೆ ಸರಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಗ್ಗಿದರು. ಈ ಸಲ ಹಾಗೇ ಬಗ್ಗಿಕೊಂಡೇ ಇದ್ದರು...

"ಈಗ ನಾತ ಓಯ್ತು" ಎಂದರು.

ನನಗೆ ಹೋಗಿರಲಿಲ್ಲ. ಅಷ್ಟು ದೂರದಲ್ಲಿ ನಿಂತಿದ್ದರೂ ಗಂಟಲಿಗೆ ಇಳಿಯುವಂತೆ ಬರುತ್ತಲೇ ಇತ್ತು. "ದೊಡ್ಡಪ್ಪ, ನಂಗಿನ್ನೂ ಬತ್ತಾ ಅದೆ" ಎಂದೆ.

"ನಿಂದು ಕಾಲೇಜ್ ಮೂಗು ಕಣವ್ವ" ಎಂದು ನಕ್ಕರು. ತಮ್ಮನ ಕೈಯಿಂದ ಏಣಿ ಕಿತ್ತುಕೊಂಡು ತಾವೇ ಇಳಿಸಿದರು, ತಾವೇ ಇಳಿದರು. ತಲೆ ಕಾಣದಾಯಿತು. ಪೈಪಿಗೆ ಏನೋ ಬಡಿದ ಸದ್ದು. ಆಮೇಲೆ ಗುಳುಗುಳು ಎಂದು ನೀರು ಎದ್ದ ಸದ್ದು. ಆಮೇಲೆ ಏನೂ ಇಲ್ಲ. ಕೂಗಲಿಲ್ಲ, ಕೆಮ್ಮಲಿಲ್ಲ.

ತಮ್ಮ "ದೊಡ್ಡಪ್ಪ" ಎಂದು ಕೂಗುತ್ತ ಏಣಿಗೆ ಕಾಲಿಟ್ಟ. ಹೇಗೆ ಓಡಿದೆನೋ ಗೊತ್ತಿಲ್ಲ, ಹಿಂದಿನಿಂದ ಅವನ ಅಂಗಿ ಹಿಡಿದು ಜಗ್ಗಿ ಕೆಡವಿ ಮೇಲೆ ಬಿದ್ದೆ. ಅವನು ಒದ್ದ, ಗುದ್ದಿದ, "ಬುಡಕ್ಕ, ಸತ್ತೋಯ್ತಾರೆ ಬುಡು" ಎಂದು ಅತ್ತ. ನಾನು ಬಿಡಲಿಲ್ಲ. ಆ ಅನಿಲ ಕೊಲ್ಲುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಹಿಡಿದುಕೊಂಡದ್ದು ಬರೀ ಹೆದರಿಕೆಯಿಂದ. ಜನ ಸೇರಿದರು, ಅಗ್ನಿಶಾಮಕದವರು ಬಂದು ಆಮ್ಲಜನಕದ ಮಾಸ್ಕ್ ತೊಟ್ಟು ಇಳಿದು ದೊಡ್ಡಪ್ಪನನ್ನು ಎತ್ತಿದರು. ಎತ್ತಿದ್ದು ಹೆಣವನ್ನೇ.

ಮುದುಕನ ಮೂಗು ಕೈಕೊಟ್ಟಿತು ಎಂದಿತು ಊರು. ಮುಂದೆ ಓದುವಾಗ ಒಂದು ದಿನ ಪಾಠದಲ್ಲಿ ಕಾರಣ ಸಿಕ್ಕಿತು. ಆ ಅನಿಲ ಸ್ವಲ್ಪ ಇದ್ದಾಗ ನಾತ, ಹೆಚ್ಚಾದರೆ ವಾಸನೆ ಹಿಡಿಯುವ ನರವೇ ಮರಗಟ್ಟುತ್ತದೆ. ನಾತ ನಿಂತಿತು ಎಂದರೆ ಅನಿಲ ಹೋಯಿತು ಎಂದಲ್ಲ, ಸಾವು ಹತ್ತಿರ ಬಂತು ಎಂದು. ಎಂಥ ಮೂಗಾದರೂ ಅಷ್ಟೇ. ಆದರೆ ದೊಡ್ಡಪ್ಪನ ಹೆಂಡತಿ ದೊಡ್ಡವ್ವನಿಗೆ ಹೇಳುವ ಧೈರ್ಯ ಇಷ್ಟು ವರ್ಷವಾದರೂ ಬಂದಿರಲಿಲ್ಲ.

ಕೊಳವೆ ಬಂದ ವಾರದ ಭಾನುವಾರ ಊರಿಗೆ ಹೋದೆ. ದೊಡ್ಡವ್ವ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿತ್ತು. ನಾನೂ ಒಂದು ಹಿಡಿ ತೆಗೆದುಕೊಂಡು ಕೂತೆ. ನರ ಮರಗಟ್ಟುವುದನ್ನು ತಿಳಿಯುವ ಹಾಗೆ ಹೇಳಿದೆ. ದೊಡ್ಡಪ್ಪನ ತಪ್ಪಲ್ಲ, ಅವರಿಗೆ ಗೊತ್ತಾಗುವಂತೆಯೇ ಇರಲಿಲ್ಲ ಎಂದೆ. ಆಕೆಗೆ ಸಮಾಧಾನವಾಗಲಿ ಎಂಬುದಷ್ಟೇ ನನಗಿದ್ದ ಆಸೆ.

ದೊಡ್ಡವ್ವ ಕೇಳಿಸಿಕೊಂಡಿತು. ಕಾಳನ್ನು ಮೊರಕ್ಕೆ ಹಾಕಿತು. "ಅವ್ರಿಗ್ ಗೊತ್ತಿತ್ತು ಕಣವ್ವ" ಎಂದಿತು.

"ಏನು?" ಎಂದೆ.

"ಅವತ್ ಬೆಳಗ್ಗೆನೇ ನನ್ ತಾವ ಏಳಿದ್ರು. ಗುಂಡಿ ನಾತ ಸರಿಗಿಲ್ಲ, ಇಳಿದೋರು ಬರಾಕಿಲ್ಲ ಅಂದ್ರು. ಆ ಐದ, ಅದೇ ನಿನ್ ತಮ್ಮ, ಇಳೀತೀನಿ ಅಂತ ಕುಂತವ್ನೆ, ಬ್ಯಾಡ ಅಂದ್ರೆ ನಾನ್ ಅತ್ಲಾಗ್ ಓದೇಟ್ಗೆ ಇಳೀತನೆ, ನಾನೇ ಒಸಿ ಬಿಡಿಸ್ಬುಟ್ಟು ಬೇಗ ಬಂದ್ಬುಡ್ತೀನಿ ಅಂದ್ರು."

ಹಾಗಾದರೆ ನಾತ ಹೋಯಿತು ಎಂದದ್ದು? ಮೂಗು ಸತ್ತು ಹೇಳಿದ ಮಾತೋ, ತಮ್ಮನ ಕೈಯಿಂದ ಏಣಿ ಕಿತ್ತುಕೊಳ್ಳಲು ಹೇಳಿದ ಸುಳ್ಳೋ... ನಾನು ಓದಿದ್ದು ಯಾವುದೂ ಇದಕ್ಕೆ ಉತ್ತರ ಕೊಡುವುದಿಲ್ಲ, ಕೊಡಬೇಕಾದವರು ಇಲ್ಲ.

"ನಿನ್ ತಮ್ಮಂಗೆ ಏಳ್ಬ್ಯಾಡ" ಎಂದಿತು ದೊಡ್ಡವ್ವ. "ಮಕ್ಕಳೊಂದಿಗ. ನೆಮ್ಮದಿಯಾಗವ್ನೆ, ಇರ್ಲಿ."

ಅಷ್ಟರಲ್ಲಿ ತಮ್ಮನೇ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ. ನನ್ನ ಮುಖ ನೋಡಿ ನಿಂತ. "ಯಾಕಕ್ಕ, ಏನ್ ಮಾತಾಡ್ತಿದ್ರಿ?"

"ಏನಿಲ್ಲ ಕಣೋ" ಎಂದೆ. ಬಗ್ಗಿ, ಸುಲಿದ ಅವರೆಯನ್ನೇ ಮತ್ತೆ ಸುಲಿಯತೊಡಗಿದೆ.