ಟ್ರ್ಯಾಕ್ಟರ್ ಹಿಂದಿನ ತೂಕ

ನಮ್ಮ ಚಿಕ್ಕಪ್ಪನಿಗೆ ಬಾಯಿಗಿಂತ ಮೊದಲು ಕೈ ಓಡುತ್ತದೆ. ಮರದ ಡಿಪೋದಲ್ಲಿ ಅವನ ಏಟು ತಿನ್ನದ ಕೆನ್ನೆಯೇ ಇಲ್ಲ. ನಾನು ಟ್ರ್ಯಾಕ್ಟರ್ ಕಲಿಯಲು ಹೋದ ಮೊದಲ ದಿನ, ದಿಮ್ಮಿಯನ್ನು ತಲೆಯೆತ್ತರಕ್ಕೆ ಎತ್ತಿ ಗಾಡಿ ತಿರುಗಿಸಿದೆ. ಚಿಕ್ಕಪ್ಪ ಜಡೆ ಹಿಡಿದು ಸೀಟಿನಿಂದ ಇಳಿಸಿ ಬಾರಿಸಿದ.

"ಮೊಣಕಾಲಿಗಿಂತ ಮೇಲೆ ಎತ್ಕೊಂಡು ಓಡಾಡಿದ್ರೆ ಕೈ ಮುರೀತೀನಿ!"

ತುಟಿ ಒಡೆದಿತ್ತು. ರಕ್ತವನ್ನು ಅವನ ಚಪ್ಪಲಿಯ ಮೇಲೆಯೇ ಉಗಿದೆ. ನಾನೂ ಅದೇ ಮನೆಯವಳಲ್ಲವೇ.

ನಮ್ಮ ಟ್ರ್ಯಾಕ್ಟರ್‌ನ ಮೂತಿಗೆ ಎರಡು ಕಬ್ಬಿಣದ ತೋಳು, ತೋಳಿನ ತುದಿಗೆ ಹಲ್ಲಿರುವ ದೊಡ್ಡ ಇಕ್ಕಳ. ಲಿವರ್ ಎಳೆದರೆ ದಿಮ್ಮಿಯನ್ನು ಕಚ್ಚಿ ಎತ್ತುತ್ತದೆ. ಮುಂದೆ ಭಾರ ಹೆಚ್ಚಾದರೆ ಹಿಂದಿನ ಗಾಲಿ ನೆಲ ಬಿಡುತ್ತವೆ. ಅದಕ್ಕೇ ಹಿಂದೆ ಕಾಂಕ್ರೀಟಿನ ತೂಕ ಕಟ್ಟಬೇಕು. ನಮ್ಮ ಡಿಪೋದ ಬುದ್ಧಿವಂತರು ಅದರ ಬದಲು ದಪ್ಪಗಿರುವವರನ್ನು ಆರಿಸಿ ಟ್ರೈಲರ್ ಸಿಕ್ಕಿಸುವ ಹಿಂದಿನ ಕೊಕ್ಕೆಯ ಮೇಲೆ ನಿಲ್ಲಿಸುತ್ತಿದ್ದರು. ಚಿಕ್ಕಪ್ಪ ಆಗ ತೊಂಬತ್ತು ಕಿಲೋ. ತೂಕವಾಗಿ ನಿಲ್ಲುವುದೇ ಅವನ ಕೆಲಸ. "ಕೂತು ತಿಂದದ್ದೂ ದಂಡ ಆಗ್ಲಿಲ್ಲ ನೋಡು" ಎಂದು ಅಜ್ಜಿ ನಗುತ್ತಿದ್ದಳು.

ನನಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪ ಗಾಡಿ ಓಡಿಸುತ್ತಿದ್ದ, ಚಿಕ್ಕಪ್ಪ ಹಿಂದೆ ನಿಂತಿದ್ದ. ಒಂದು ಟನ್ನಿನ ಹಸಿ ದಿಮ್ಮಿ ಲಾರಿಯೆತ್ತರಕ್ಕೆ ಏರಿತು. ಹಿಂದಿನ ಗಾಲಿ ಎದ್ದವು. ಚಿಕ್ಕಪ್ಪ ಹೆದರಿ ಹಾರಿಬಿಟ್ಟ. ಟ್ರ್ಯಾಕ್ಟರ್ ಮೂತಿ ನೆಲಕ್ಕೆ ಅಪ್ಪಳಿಸಿತು, ಅಪ್ಪ ಮುಂದಕ್ಕೆ ಚಿಮ್ಮಿ ಬಿದ್ದ, ಇಕ್ಕಳದಿಂದ ಕಳಚಿದ ದಿಮ್ಮಿ ಅವನ ಎದೆಯ ಮೇಲೆ ಉರುಳಿತು. ಊಟದ ಡಬ್ಬಿ ಹಿಡಿದು ನಾನು ಗೇಟಿನಲ್ಲಿದ್ದೆ. ಪಕ್ಕೆಲುಬು ಮುರಿಯುವಾಗ ಒಣ ಸೌದೆ ಸೀಳಿದ ಹಾಗೆ ಸದ್ದಾಗುತ್ತದೆ.

ಹಾರದಿದ್ದರೆ ಅಪ್ಪ ಉಳಿಯುತ್ತಿದ್ದ ಎಂದು ಎಲ್ಲರೂ ಹೇಳಿದರು. ಹೆಣದೆದುರೇ ಚಿಕ್ಕಪ್ಪನ ಮುಖಕ್ಕೆ ಉಗಿದೆ. ಅವನು ಒರೆಸಿಕೊಳ್ಳಲೂ ಇಲ್ಲ. ಅದಾದ ತಿಂಗಳಿಗೆ ಹಳೆಯ ತೊಟ್ಟಿಯಲ್ಲಿ ಕಾಂಕ್ರೀಟ್ ತುಂಬಿ ಆರುನೂರು ಕಿಲೋದ ತೂಕ ಮಾಡಿದ. ಅದನ್ನು ಕಟ್ಟದೆ ಗಾಡಿ ಮುಟ್ಟಿದವರಿಗೆಲ್ಲ ಏಟು ಬೀಳಲು ಶುರುವಾದದ್ದು ಆಗಿನಿಂದ.

ಹೋದ ವಾರ, ಚಿಕ್ಕಪ್ಪ ಡಿಪೋದ ಇನ್ನೊಂದು ತುದಿಯಲ್ಲಿದ್ದಾಗ, ತೂಕವಿದ್ದರೆ ಇಕ್ಕಟ್ಟಿನಲ್ಲಿ ಗಾಡಿ ತಿರುಗುವುದಿಲ್ಲ ಎಂದು ಹೊಸ ಸೂಪರ್‌ವೈಸರ್ ಅದನ್ನು ಬಿಚ್ಚಿಸಿದ. "ಇಬ್ರು ಹಿಂದೆ ಹತ್ಕೊಳ್ರೋ!" ಎಂದ. ಇಬ್ಬರು ಕೂಲಿಗಳು ಕೊಕ್ಕೆ ಹತ್ತಿ ನಿಂತರು. ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಸುಳ್ಳೇಕೆ ಹೇಳಲಿ, ಸಣ್ಣ ದಿಮ್ಮಿಯಲ್ಲವೇ ಎಂದು ನಾನೂ ಎತ್ತಿದೆ. ಹಿಂದಿನ ಗಾಲಿ ಗೇಣುದ್ದ ಎದ್ದವು.

ಚಿಕ್ಕಪ್ಪ ಹಾರೆ ಬಿಸಾಡಿ ಓಡಿ ಬಂದು ಹಿಂದಿನ ಕೊಕ್ಕೆ ಹತ್ತಿ ನನ್ನ ಸೀಟನ್ನೇ ತಬ್ಬಿಕೊಂಡ. "ಯಾರೂ ಹಾರ್ಬೇಡಿ! ಮಗಳೇ, ಮೆಲ್ಲಗೆ ಇಳ್ಸು... ಇನ್ನೂ ಮೆಲ್ಲಗೆ!"

ದಿಮ್ಮಿ ನೆಲ ಮುಟ್ಟಿತು. ಅವನು ಇಳಿದು ಹಾರೆ ಎತ್ತಿಕೊಂಡು ಸೂಪರ್‌ವೈಸರ್‌ನ ತೋಳಿಗೆ ಬೀಸಿದ. ಮೂಳೆ ಚರ್ಮ ಹರಿದು ಹೊರಬಂತು. ಎರಡನೆಯ ಏಟಿಗೆ ಎತ್ತಿದಾಗ ನಾಲ್ವರು ಸೇರಿ ಅವನನ್ನು ಕೆಡವಿದರು.

ಸಂಜೆ ಸ್ಟೇಷನ್ನಿಗೆ ಹೋದೆ. ಸರಳಿನ ಹಿಂದೆ ಕೂತಿದ್ದ. ಒಂದು ಕಣ್ಣು ಊದಿ ಮುಚ್ಚಿತ್ತು.

"ಅವತ್ತೂ ಹಿಂಗೇ ಹಿಡ್ಕೊಂಡು ನಿಂತಿದ್ರೆ ಅಣ್ಣ ಉಳೀತಿದ್ದ, ಅಲ್ವೇನೇ?"

"ಇಲ್ಲ ಚಿಕ್ಕಪ್ಪ. ಟನ್ ದಿಮ್ಮಿ ಅಷ್ಟೆತ್ತರ ಹೋಗಿತ್ತು. ತೊಂಬತ್ತು ಕಿಲೋ ಏನು ತಡೀತದೆ? ನೀನಿದ್ದಿದ್ರೂ ಬೀಳ್ತಿತ್ತು."

ಅವನು ಎದ್ದು ಸರಳಿನ ಹತ್ತಿರ ಬಂದ. "ಯಾವಾಗ ಗೊತ್ತಾಯ್ತು ನಿಂಗೆ?"

"ಗಾಡಿ ಕಲಿತ ವರ್ಷಾನೇ. ಹನ್ನೊಂದು ವರ್ಷ ಆಯ್ತು. ಬೇಕು ಅಂತಾನೇ ಹೇಳ್ಲಿಲ್ಲ."

ಹೊಡೆಯಲಿ ಎಂದು ಕೆನ್ನೆಯನ್ನು ಸರಳಿಗೆ ಒತ್ತಿ ನಿಂತೆ. ಅವನ ಕೈ ಏಳಲಿಲ್ಲ.