ಎರಡೂ ಕಡೆ ಎರಡು

ಆ ಕಂಡಕ್ಟರ್ ನಾಣ್ಯವನ್ನು ಕಣ್ಣಿನಿಂದ ನೋಡುವುದು ಕಡಿಮೆ. ಹದಿನಾರು ವರ್ಷಗಳಿಂದ, ಜನ ತುಂಬಿದ ಬಸ್ಸಿನಲ್ಲಿ ಒಂದು ಕೈ ಕಂಬಿಗೆ, ಇನ್ನೊಂದು ಚೀಲಕ್ಕೆ ಕೊಟ್ಟು ಓಡಾಡಿದ ಮೇಲೆ ಒಂದು ರೂಪಾಯಿ ಯಾವುದು, ಎರಡು ಯಾವುದು ಎಂದು ಅವರ ಹೆಬ್ಬೆರಳೇ ಹೇಳುತ್ತದೆ. ಆ ಮಂಗಳವಾರ ಎರಡನೇ ಟ್ರಿಪ್‌ನಲ್ಲಿ ಹೆಬ್ಬೆರಳು ತಡವರಿಸಿತು. ಉಬ್ಬಿರಬೇಕಾದ ಕಡೆ ತಗ್ಗಿತ್ತು.

ಕಿಟಕಿಯ ಬೆಳಕಿಗೆ ಹಿಡಿದರು. ಎರಡರ ನಾಣ್ಯ. ಒಂದು ಮುಖದಲ್ಲಿ ಎಂದಿನಂತೆ 2. ತಿರುಗಿಸಿದರೆ ಸಿಂಹಗಳ ಚಿತ್ರ ಇರಬೇಕು. ಅಲ್ಲೂ 2, ಅದೂ ಕನ್ನಡಿಯಲ್ಲಿ ಕಂಡಂತೆ ಉಲ್ಟಾ, ಲೋಹದೊಳಕ್ಕೆ ಇಳಿದಿತ್ತು. ಟಂಕಸಾಲೆಯಲ್ಲಿ ಹೊಡೆದ ನಾಣ್ಯ ಕೆಳಗೆ ಬೀಳದೆ ಸಿಂಹದ ಅಚ್ಚಿಗೇ ಅಂಟಿಕೊಂಡರೆ, ಮುಂದಿನ ಖಾಲಿ ಬಿಲ್ಲೆಯ ಮೇಲೆ ಸಿಂಹದ ಬದಲು ಆ ನಾಣ್ಯದ 2ರ ಮುಖವೇ ಒತ್ತಿಬಿಡುತ್ತದೆ. ಇಂಥದ್ದೊಂದು ಕೈಗೆ ಸಿಗಲೆಂದು ವರ್ಷಗಟ್ಟಲೆ ಕಾಯುವ ಸಂಗ್ರಹಕಾರರಿದ್ದಾರೆ.

ನಾಣ್ಯವನ್ನು ಮತ್ತೆ ಮತ್ತೆ ತಿರುಗಿಸಿ ಹಿಗ್ಗಿದರು. ಬಸ್ಸು ಸ್ಟಾಪ್‌ನಲ್ಲೇ ನಿಂತಿತ್ತು.

"ಅಕ್ಕಾ, ಸೀಟಿ ಹೊಡೀತೀರೋ, ಇಲ್ಲೇ ಮನೆ ಕಟ್ಕೊಳ್ಳೋಣವೋ?" ಎಂದ ಡ್ರೈವರ್.

ಆದರೆ ಆ ಸಂಭ್ರಮದೊಳಗೊಂದು ಮುಳ್ಳಿತ್ತು. ಕಳೆದ ವರ್ಷವೂ ಇಂಥದ್ದೇ ಒಂದು ನಾಣ್ಯ ಸಿಕ್ಕಿತೆಂದು ತಾವೂ ಹೋಗುತ್ತಿದ್ದ ಸಂಗ್ರಹಕಾರರ ಭಾನುವಾರದ ಕೂಟಕ್ಕೆ ಒಯ್ದಿದ್ದರು. ಕೊನೆಗೆ ನೋಡಿದರೆ, ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿರುವ ಮೈದುನ ಎರಡು ನಾಣ್ಯಗಳನ್ನು ಕಬ್ಬಿಣದ ತುಂಡು ಬಿಗಿಹಿಡಿಯುವ ವೈಸ್‌ನಲ್ಲಿ ಒತ್ತಿ, ತಮಾಷೆಗೆಂದು ಚೀಲಕ್ಕೆ ಹಾಕಿದ್ದ. ಕೂಟಕ್ಕೆ ಕೂಟವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕೂಟದ ಸದಸ್ಯರಾದ ಮೆಡಿಕಲ್ ಶಾಪಿನವರು ಅಲ್ಲೇ ಕಂಡಕ್ಟರಿಗೆ 'ವೈಸ್ ಪ್ರೆಸಿಡೆಂಟ್' ಎಂದು ಹೆಸರಿಟ್ಟರು. ಹಿರಿಯರಾದ ಗಡಿಯಾರ ರಿಪೇರಿಯವರು ಮಾತ್ರ, "ತಗ್ಗು ನೋಡಿ ಮೋಸ ಹೋಗ್ಬೇಡಿ ಅಮ್ಮಾ, ಅದರ ಬೆನ್ನಿನ ಅಂಕಿ ನೋಡಿ" ಎಂದಿದ್ದರು. ಅಂದಿನಿಂದ ಕಂಡಕ್ಟರ್ ಕೂಟ ಸೇರುವ ಮಹಡಿಯ ಮೆಟ್ಟಿಲು ಹತ್ತಿರಲಿಲ್ಲ. ಈಗ ಹತ್ತಬೇಕೆಂದರೆ ಈ ನಾಣ್ಯ ಅಪ್ಪಟವಾಗಿರಬೇಕು.

ಡ್ಯೂಟಿ ಮುಗಿದದ್ದೇ ತಡ, ನೇರ ವರ್ಕ್‌ಶಾಪಿಗೆ ಹೋದರು.

"ನಿಜ ಹೇಳು, ಇದೂ ನಿನ್ನ ಕೈಚಳಕನಾ?"

"ಅಯ್ಯೋ ಅತ್ತಿಗೆ, ಹೋದ ಸಲ ಅಣ್ಣ ವಾರ ಪೂರ್ತಿ ಮಾತು ಬಿಟ್ಟಿದ್ದ. ಮತ್ತೆ ಯಾರು ಆ ಸಾಹಸ ಮಾಡ್ತಾರೆ?" ಎಂದ ಮೈದುನ.

"ನಿನ್ನ ಮಾತು ನಂಬೋಕೆ ನನಗೆ ತಲೆ ಕೆಟ್ಟಿಲ್ಲ. ನನ್ನೆದುರಿಗೇ ಇನ್ನೊಂದು ಒತ್ತು, ನೋಡೋಣ."

ಅವನು ಒಂದು ನಾಣ್ಯದ ಸಿಂಹಕ್ಕೆ ಇನ್ನೊಂದರ ಅಂಕಿ ತಾಗುವಂತೆ ಎರಡನ್ನೂ ವೈಸ್‌ಗೆ ಕೊಟ್ಟು, ಹಿಡಿಗೆ ಜೋತುಬಿದ್ದು ಬಿಗಿ ಮಾಡಿದ. ಹೊರಗೆ ತೆಗೆದಾಗ ಉಲ್ಟಾ 2 ಮೂಡಿತ್ತು, ಆದರೆ ಅದರ ಸುತ್ತ ಸಿಂಹಗಳು ಇನ್ನೂ ಇಣುಕುತ್ತಿದ್ದವು. ಬೆನ್ನಿಗೆ ತಿರುಗಿಸಿದರೆ, ವೈಸ್‌ನ ದವಡೆಗೆ ಸಿಕ್ಕ ಅಂಕಿ ಯಾರೋ ಮೇಲೆ ಕೂತೆದ್ದ ಹಾಗೆ ಚಪ್ಪಟೆ.

ಬಸ್ಸಿನಲ್ಲಿ ಸಿಕ್ಕ ನಾಣ್ಯವನ್ನು ಪಕ್ಕದಲ್ಲಿಟ್ಟರು. ಸಿಂಹದ ಸುಳಿವೇ ಇಲ್ಲ. ಬೆನ್ನಿನ 2 ಉಗುರಿಗೆ ತಾಗುವಷ್ಟು ಚೂಪು. ಅಂಚಿಗೂ ಪೆಟ್ಟಿಲ್ಲ.

"ಅತ್ತಿಗೆ, ಇದು ನನ್ನ ಕೈಲಿ ಆಗೋ ಕೆಲಸ ಅಲ್ಲ" ಎಂದ. ಅವನ ಬಾಯಲ್ಲಿ ಇಂಥ ಮಾತನ್ನು ಮನೆಯವರು ಕೇಳಿದ್ದೇ ಇಲ್ಲ. ಅತ್ತಿಗೆ ಖುಷಿಗೆ ಅವನ ಬೆನ್ನಿಗೊಂದು ಗುದ್ದಿದರು.

ಭಾನುವಾರ ಎರಡೆರಡು ಮೆಟ್ಟಿಲು ಹಾರಿ ಹತ್ತಿದರು.

"ಬಂದ್ರಪ್ಪಾ, ವೈಸ್ ಪ್ರೆಸಿಡೆಂಟ್" ಎಂದರು ಮೆಡಿಕಲ್ ಶಾಪಿನವರು.

ಕಂಡಕ್ಟರ್ ವರ್ಕ್‌ಶಾಪಿನದು, ಬಸ್ಸಿನದು ಎರಡನ್ನೂ ಬೆನ್ನು ಮೇಲಾಗಿ ಮೇಜಿನ ಮೇಲಿಟ್ಟರು. ಗಡಿಯಾರ ರಿಪೇರಿಯವರು ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡರು. ಮೊದಲನೆಯದನ್ನು ನೋಡಿ ಪಕ್ಕಕ್ಕೆ ಸರಿಸಿದರು. ಎರಡನೆಯದನ್ನು ನೋಡಿದರು, ತಿರುಗಿಸಿದರು, ಮತ್ತೆ ನೋಡಿದರು.

"ಟಂಕಸಾಲೆಯದ್ದೇ. ನಲವತ್ತು ವರ್ಷದಲ್ಲಿ ನಾನು ಮುಟ್ಟಿದ್ದು ಇದೇ ಮೊದಲು."

ಕುರ್ಚಿಗಳು ಸದ್ದು ಮಾಡಿದವು. ಎಲ್ಲರೂ ಮೇಜಿಗೆ ಮುಗಿಬಿದ್ದರು. ನೂಕುನುಗ್ಗಲು ಸ್ವಲ್ಪ ತಗ್ಗಿದ ಮೇಲೆ ಮೆಡಿಕಲ್ ಶಾಪಿನವರು ಕಂಡಕ್ಟರ್ ಪಕ್ಕಕ್ಕೆ ಸರಿದು, ಪ್ಲಾಸ್ಟಿಕ್ ಕವರಿನಿಂದ ತಮ್ಮದೊಂದು ನಾಣ್ಯ ತೆಗೆದರು. ಅದರಲ್ಲೂ ಉಲ್ಟಾ 2.

"ದುಡ್ಡು ಕೊಟ್ಟು ತಂದಿದ್ದು ಅಮ್ಮಾ. ಒಂಚೂರು ನೋಡಿ ಹೇಳ್ತೀರಾ?"

ಕಂಡಕ್ಟರ್ ಮಸೂರ ಕೇಳಿ ಪಡೆದು, ನಾಣ್ಯದ ಬೆನ್ನು ತಿರುಗಿಸಿ ನೋಡಿದರು. ಅಲ್ಲಿನ 2 ಚಪ್ಪಟೆಯಾಗಿತ್ತು. ಆಮೇಲೆ ಪಕ್ಕದ ಕುರ್ಚಿಯನ್ನು ಅವರ ಕಡೆಗೆ ಎಳೆದರು.

"ಮೊದಲು ಕೂತ್ಕೊಳ್ಳಿ ಅಣ್ಣಾ."